ಸರ್ಕಾರದ ದುಡ್ಡಿನ ಎನರ್ಜಿ ಆಡಿಟ್: ದಾವಣಗೆರೆಯ ಗಿರಣಿಗೆ ಎಷ್ಟು ಒದಗುತ್ತದೆ?

ಕೇಂದ್ರದ ಇಂಧನ ದಕ್ಷತಾ ಬ್ಯೂರೊ, ಎಲ್ಲರ ಬಾಯಲ್ಲಿ ಬಿಇಇ, 2025ರ ಜುಲೈನಲ್ಲಿ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಿಗಾಗಿ ಒಂದು ಯೋಜನೆ ಶುರು ಮಾಡಿತು. ಹೆಸರು ಎಡಿಇಇಟಿಐಇ, ಇಲ್ಲಿ ಅಡೀಟಿ ಎಂದೇ ಕರೆಯೋಣ. ಮೊದಲು ಗಿರಣಿಗೆ ಬಂದು ಇಂಧನ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಅಳತೆ ಮಾಡಿ ವರದಿ ಕೊಡುತ್ತಾರೆ, ಇದೇ ಎನರ್ಜಿ ಆಡಿಟ್. ಆ ವರದಿಯ ಮೇಲೆ ಬ್ಯಾಂಕಿನಿಂದ ಸಾಲ ತೆಗೆದರೆ ಬಡ್ಡಿಯಲ್ಲಿ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3 ಸರ್ಕಾರ ಕಟ್ಟುತ್ತದೆ. ಕೊನೆಗೆ ಉಳಿತಾಯ ನಿಜವಾಗಿ ಆಯಿತೇ ಎಂದು ಇನ್ನೊಮ್ಮೆ ಅಳೆಯುತ್ತಾರೆ. ಕನಿಷ್ಠ ಶೇ 10ರಷ್ಟು ಇಂಧನ ಉಳಿಯಬೇಕು ಎಂಬುದು ಷರತ್ತು. ಉದ್ಯಮ್ ನೋಂದಣಿ ಬೇಕು. ಆಹಾರ ಸಂಸ್ಕರಣೆ, ಜವಳಿ, ಫೌಂಡ್ರಿ, ಇಟ್ಟಿಗೆ, ಕಾಗದ ಸೇರಿ 14 ವಲಯಗಳಿವೆ. ಮೊದಲ ಹಂತಕ್ಕೆ 60 ಕ್ಲಸ್ಟರ್ (ಒಂದೇ ಕಸುಬಿನ ಘಟಕಗಳು ಒತ್ತಾಗಿರುವ ಊರುಗಳು), ಎರಡನೆಯದಕ್ಕೆ 100. ನಿಮ್ಮ ಊರು, ನಿಮ್ಮ ಕಸುಬು ಯಾವ ಹಂತದ ಪಟ್ಟಿಯಲ್ಲಿದೆ ಎಂದು ಪೋರ್ಟಲ್‌ನಲ್ಲಿ ನೋಡಿಕೊಂಡೇ ಅರ್ಜಿಗೆ ಕೈ ಹಾಕಿ.

ಈ ಆಡಿಟ್ ಸೇವೆ ತೆಗೆದುಕೊಳ್ಳಬಹುದೇ ಎಂದರೆ, ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಬಡ್ಡಿ ರಿಯಾಯಿತಿಯ ಮೇಲೆ ಕಣ್ಣಿಟ್ಟು ತೆಗೆದುಕೊಳ್ಳಬೇಡಿ. ಇದರಲ್ಲಿ ನಿಮಗೆ ಸಿಗುವ ನಿಜವಾದ ಆಸ್ತಿ ಅಳತೆ. ಅದನ್ನು ಸಡಿಲ ಬಿಟ್ಟರೆ ಉಳಿದದ್ದೆಲ್ಲ ಕಾಗದದ ಲೆಕ್ಕ. ಯೋಜನೆಯ ಹಣದ ಹಂಚಿಕೆಯೇ ಈ ಎಚ್ಚರಿಕೆ ಕೊಡುತ್ತದೆ: ಒಟ್ಟು 1,000 ಕೋಟಿ ರೂಪಾಯಿಯಲ್ಲಿ 875 ಕೋಟಿ ಬಡ್ಡಿಗೆ, 75 ಕೋಟಿ ಅನುಷ್ಠಾನದ ನೆರವಿಗೆ, ಆಡಿಟ್‌ಗೆ 50 ಕೋಟಿ. ನೂರು ರೂಪಾಯಿಯಲ್ಲಿ ಐದು ರೂಪಾಯಿ ಅಳೆಯುವುದಕ್ಕೆ. ಅಳೆಯುವವರಿಗೆ ಸಮಯ ಕಡಿಮೆ ಸಿಗುತ್ತದೆ, ಆ ಕೊರತೆ ತುಂಬುವ ಕೆಲಸ ಗಿರಣಿಯವರದೇ.

ಭದ್ರಾ ಅಚ್ಚುಕಟ್ಟಿನ ಭತ್ತ ಬಂದು ಬೀಳುವ ದಾವಣಗೆರೆ, ಹರಿಹರದ ಅಕ್ಕಿ ಗಿರಣಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಶೇ 10 ಯಾವುದರಲ್ಲಿ ಶೇ 10? ಇದನ್ನು ಮೊದಲ ದಿನವೇ ಬರಹದಲ್ಲಿ ಕೇಳಿ. ಒಂದು ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು ಬರುತ್ತದೆ. ಅದರಲ್ಲಿ 120 ಕೆಜಿ ಬಾಯ್ಲರ್‌ಗೆ ಹೋಯಿತು ಎಂದುಕೊಳ್ಳಿ. ಕೆಜಿಗೆ 3,000 ಕಿಲೋ ಕ್ಯಾಲರಿಯಂತೆ 3,60,000 ಕಿಲೋ ಕ್ಯಾಲರಿ ಆಯಿತು. ಅದೇ ಟನ್ನಿಗೆ 40 ಯೂನಿಟ್ ಕರೆಂಟ್ ಖರ್ಚಾದರೆ, ಯೂನಿಟ್ಟಿಗೆ 860ರಂತೆ 34,400. ಎರಡೂ ಸೇರಿಸಿದರೆ ಕರೆಂಟಿನ ಪಾಲು ಶೇ 9ರ ಒಳಗೆ. ಗಿರಣಿಯ ಎಲ್ಲ ಮೋಟರ್ ನಿಲ್ಲಿಸಿದರೂ ಒಟ್ಟು ಇಂಧನದ ಲೆಕ್ಕದಲ್ಲಿ ಶೇ 10 ಉಳಿಯುವುದಿಲ್ಲ! ರೂಪಾಯಿ ಲೆಕ್ಕ ಮಾತ್ರ ಇದರ ತದ್ವಿರುದ್ಧ. ಕರೆಂಟಿಗೆ ಪ್ರತಿ ತಿಂಗಳು ಬೆಸ್ಕಾಂ ಬಿಲ್ಲು ಬರುತ್ತದೆ, ಹೊಟ್ಟು ಮನೆಯದೇ. ಹಾಗಾಗಿ ಶೇಕಡಾವಾರು ಲೆಕ್ಕ ಇಡೀ ಘಟಕದ ಮೇಲೋ, ಬದಲಾಯಿಸುವ ಯಂತ್ರದ ಮೇಲೋ ಎನ್ನುವುದು ಇತ್ಯರ್ಥವಾಗದೆ ಕೊಟೇಶನ್ ತರಿಸುವುದು ಬೇಡ.

ಹೊಟ್ಟಿನ ಉಳಿತಾಯಕ್ಕೆ ಇನ್ನೊಂದು ಕೊಕ್ಕೆ ಇದೆ. ಉಳಿದ ಹೊಟ್ಟು ಮಾರಿದಾಗಲೇ ಅದು ದುಡ್ಡು. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರು ಭತ್ತ ಒಟ್ಟಿಗೆ ಬರುವಾಗ ಪ್ರತಿ ಗಿರಣಿಯ ಹಿಂದೆಯೂ ಹೊಟ್ಟಿನ ಗುಡ್ಡ ಎದ್ದಿರುತ್ತದೆ, ಕೊಳ್ಳುವವರು ಹೇಳಿದ್ದೇ ರೇಟು. ಯಂತ್ರಕ್ಕೆ ಹಾಕಿದ ಹಣ ಉಳಿತಾಯದಿಂದ ವಾಪಸು ಬರುವ ಅವಧಿಯನ್ನು ವರದಿಯಲ್ಲಿ ಲೆಕ್ಕ ಹಾಕುವಾಗ ಬೇಸಿಗೆಯ ಏರು ಬೆಲೆ ಹಾಕಿದ್ದರೆ, ಸುಗ್ಗಿಯ ಬೆಲೆ ಹಾಕಿ ಮತ್ತೊಮ್ಮೆ ತೆಗೆಯಿಸಿ. ಒಂದೂವರೆ ವರ್ಷ ಎಂದಿದ್ದದ್ದು ಮೂರು ವರ್ಷಕ್ಕೆ ಹೋದರೆ ಅಚ್ಚರಿಯಿಲ್ಲ.

ಈಗ ಬಾಯ್ಲರ್ ಮನೆಗೆ. ಆಡಿಟ್‌ನ ತಿರುಳು ಇಲ್ಲಿದೆ. ಚಿಮಣಿಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು, ಅದರ ಬಿಸಿ ಎಷ್ಟು ಎಂದು ಫ್ಲೂ ಗ್ಯಾಸ್ ಅನಲೈಸರ್ ಹೇಳುತ್ತದೆ. ಹೆಚ್ಚುವರಿ ಗಾಳಿಯ ಸೂತ್ರ ಸರಳ: ಆಮ್ಲಜನಕದ ಶೇಕಡಾವನ್ನು 21ರಿಂದ ಕಳೆದು, ಬಂದದ್ದರಿಂದ ಆಮ್ಲಜನಕವನ್ನು ಭಾಗಿಸಿ, ನೂರರಿಂದ ಗುಣಿಸಿ. ಮೀಟರ್ 13 ತೋರಿಸಿದರೆ ಹೆಚ್ಚುವರಿ ಗಾಳಿ ಶೇ 162. ಎಂಟು ತೋರಿಸಿದರೆ ಶೇ 62. ಹೊಗೆ 240 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಇದ್ದಾಗ, ಮೊದಲ ಸ್ಥಿತಿಯಲ್ಲಿ ಹೊಟ್ಟಿನ ಶಾಖದಲ್ಲಿ ಸುಮಾರು ಶೇ 21 ಒಣ ಹೊಗೆಯ ಜೊತೆಗೇ ಮೇಲೆ ಹೋಗುತ್ತದೆ. ಎರಡನೆಯದರಲ್ಲಿ ಸುಮಾರು ಶೇ 14. ಏಳು ಪಾಯಿಂಟು! ಹೊಸ ಬಾಯ್ಲರ್ ಕೊಂಡರೂ ಅಷ್ಟು ಸುಲಭವಾಗಿ ಸಿಗದ ಏಳು ಪಾಯಿಂಟು ಇಲ್ಲಿ ಡ್ಯಾಂಪರ್ (ಗಾಳಿಯ ಹರಿವು ಹೆಚ್ಚು ಕಡಿಮೆ ಮಾಡುವ ತಗಡು) ಮತ್ತು ಬಾಗಿಲುಗಳಲ್ಲಿ ಕೂತಿರುತ್ತದೆ.

ಆದರೆ ಅನಲೈಸರ್‌ನ ಕೊಳವೆ ಎಲ್ಲಿ ತೂರಿಸಿದರು ಎಂಬುದನ್ನು ನಿಂತು ನೋಡಬೇಕು. ಬಾಯ್ಲರ್ ದಾಟಿದ ಕೂಡಲೇ, ಧೂಳು ಹಿಡಿಯುವ ಸೈಕ್ಲೋನ್‌ಗಿಂತ ಮುಂಚೆ ಅಳೆದರೆ ಬೆಂಕಿಯ ನಿಜ ಸ್ಥಿತಿ ಗೊತ್ತಾಗುತ್ತದೆ. ಏಣಿ ಹತ್ತುವುದು ಬೇಡವೆಂದು ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನ್ ಆಚೆ ಸಿಕ್ಕ ತೂತಿನಲ್ಲಿ ಅಳೆದರೆ, ಡಕ್ಟ್‌ನ ಸೀಳು, ಹರಿದ ಗ್ಯಾಸ್ಕೆಟ್, ಬೂದಿ ತೆಗೆಯುವ ಬಾಗಿಲಿನ ಸಂದು, ಎಲ್ಲದರಿಂದ ನುಗ್ಗಿದ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಎರಡೂ ಕಡೆ ಅಳೆಯಲು ಹೇಳಿ. ವ್ಯತ್ಯಾಸ ಎರಡು ಮೂರು ಪಾಯಿಂಟ್ ದಾಟಿದರೆ ಗಾಳಿ ಡಕ್ಟ್‌ನಲ್ಲಿ ಸೋರುತ್ತಿದೆ. ಅದಕ್ಕೆ ಬೇಕಾದ್ದು ಆಸ್ಬೆಸ್ಟಾಸ್ ಇಲ್ಲದ ಹಗ್ಗ, ವೆಲ್ಡಿಂಗ್ ರಾಡು, ಒಂದು ದಿನದ ಕೂಲಿ. ಇದಕ್ಕೆ ಸಾಲ ಬೇಡ, ಬಡ್ಡಿ ರಿಯಾಯಿತಿಯೂ ಬೇಡ. ಯಂತ್ರ ಮಾರುವವರ ಕೊಟೇಶನ್ ಜೊತೆಗೇ ತಯಾರಾದ ವರದಿಗಳಲ್ಲಿ ಇಂಥ ಕೆಲಸ ಕೊನೆಯ ಪುಟದ ಒಂದು ಸಾಲಾಗಿ ಮುಗಿಯುತ್ತದೆ. ಅದು ಮೊದಲ ಪುಟಕ್ಕೆ ಬರಬೇಕು.

ಬೂದಿಯನ್ನೂ ನೋಡಿ. ಹೊಟ್ಟಿನಲ್ಲಿ ಬೂದಿಯೇ ಶೇ 17ರಿಂದ 20, ಬಹುಪಾಲು ಸಿಲಿಕಾ. ಆರಿದ ಮೇಲೆ ಒಂದು ಹಿಡಿ ಅಂಗೈಯಲ್ಲಿ ಉಜ್ಜಿ. ಬೂದು ಬಣ್ಣದ ಹಗುರ ಪುಡಿಯಾದರೆ ಚೆನ್ನಾಗಿ ಸುಟ್ಟಿದೆ. ಹೊಟ್ಟಿನ ಆಕಾರ ಹಾಗೇ ಉಳಿದು, ಕೈ ಮಸಿಯಾದರೆ ಒಳಗೆ ಇಂಗಾಲ ಉಳಿದಿದೆ. ಗಾಳಿ ಹೆಚ್ಚಿದ್ದರೂ ಹೀಗಾಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ: ಐಡಿ ಫ್ಯಾನ್ ಜೋರಾಗಿ ಎಳೆದಾಗ ಹೊಟ್ಟು ಸುಡುವ ಮೊದಲೇ ಹಾರಿಹೋಗುತ್ತದೆ. ಹೊಗೆಯಲ್ಲಿ ಆಮ್ಲಜನಕವೂ ಹೆಚ್ಚು, ಬೂದಿಯೂ ಕಪ್ಪು ಎಂದರೆ ಡ್ರಾಫ್ಟ್, ಅಂದರೆ ಫ್ಯಾನಿನ ಎಳೆತ, ತಗ್ಗಿಸಬೇಕು ಎಂದೇ ಅರ್ಥ. ಬೂದಿಯ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿ, ಅದರಲ್ಲಿ ಉಳಿದ ಇಂಗಾಲ ಎಷ್ಟೆಂದು ಹಾಕಿರದ ಬಾಯ್ಲರ್ ವರದಿ ಅರ್ಧ ವರದಿ.

ಕಂಡೆನ್ಸೇಟ್, ಅಂದರೆ ಹಬೆ ತಣಿದು ಆದ ಬಿಸಿ ನೀರಿನ ವಿಚಾರದಲ್ಲಿ ಕಣ್ಣುಮುಚ್ಚಿ ಬರೆಯುವುದು ಬಹಳ. ಬಾಯ್ಲರ್‌ಗೆ ಹೋಗುವ ನೀರು 6 ಡಿಗ್ರಿ ಬಿಸಿಯಾದರೆ ಶೇ 1ರಷ್ಟು ಇಂಧನ ಉಳಿಯುತ್ತದೆ ಎಂಬುದು ಬಳಕೆಯ ಲೆಕ್ಕ. 30ರಿಂದ 60ಕ್ಕೆ ಏರಿಸಿದರೆ ಶೇ 5. ಸರಿಯೇ. ಆದರೆ ಕುಸುಬಲು ಅಕ್ಕಿಯ ಗಿರಣಿಯಲ್ಲಿ ಹಂಡೆಗೆ ಬಿಡುವ ಹಬೆ ನೇರ ಭತ್ತದೊಳಗೆ ಹೋಗುತ್ತದೆ, ಅದರ ನೀರು ವಾಪಸು ಬರುವುದಿಲ್ಲ. ವಾಪಸು ಬರುವುದು ಡ್ರೈಯರ್‌ನ ರೇಡಿಯೇಟರ್ ಕಾಯಿಲ್‌ನಿಂದ ಮಾತ್ರ. ‘ಶೇ 80 ಕಂಡೆನ್ಸೇಟ್ ವಾಪಸು’ ಎಂದು ಬರೆದಿದ್ದರೆ ಬೇರೆ ಕಾರ್ಖಾನೆಯ ವರದಿಯ ಸಾಲು ಇಲ್ಲಿಗೆ ಬಂದಿದೆ ಎಂದು ತಿಳಿಯಿರಿ. ಬೋರ್‌ವೆಲ್‌ನ ಗಡಸು ನೀರಿನ ನಮ್ಮ ಕಡೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಲೆಕ್ಕವೂ ಬೇಕು. ಹೊಗೆ ಕೊಳವೆಯ ಬಾಯ್ಲರ್‌ನಲ್ಲಿ ಟಿಡಿಎಸ್ 3,500 ಪಿಪಿಎಂ ದಾಟದಂತೆ ಬ್ಲೋಡೌನ್ ಬಿಡುತ್ತಾರೆ, ಅಂದರೆ ಲವಣ ಸೇರಿದ ನೀರನ್ನು ಆಗಾಗ ಹೊರಗೆ ಬಿಡುತ್ತಾರೆ. ಗಡಿಯಾರ ನೋಡಿ ಬಿಟ್ಟರೆ ಒಂದೋ ಬಿಸಿ ನೀರು ಪೋಲು, ಇಲ್ಲವೇ ಕೊಳವೆಗೆ ಸುಣ್ಣ. ಒಂದು ಟಿಡಿಎಸ್ ಮೀಟರ್ ಸಾವಿರದ ಆಜುಬಾಜು ಸಿಗುವ ವಸ್ತು. ಸ್ಯಾಂಪಲ್ ತಣ್ಣಗಾದ ಮೇಲೆ ಅದ್ದಬೇಕು, ಬಿಸಿಯಲ್ಲೇ ಅದ್ದಿದರೆ ಮೀಟರ್ ಹಾಳು.

ಇನ್ನು ಈ ಸೇವೆಯ ದೊಡ್ಡ ದೌರ್ಬಲ್ಯಕ್ಕೆ ಬರೋಣ. ಅದು ಬೇಸ್‌ಲೈನ್: ಬದಲಾವಣೆಗೆ ಮುಂಚಿನ ಸ್ಥಿತಿಯ ದಾಖಲೆ. ಎರಡು ಮೂರು ದಿನ ಬಂದು ಅಳೆದು ಹೋದ ಅಂಕಿಯನ್ನೇ ಇಡೀ ವರ್ಷಕ್ಕೆ ಹಚ್ಚುವುದು ಅಕ್ಕಿ ಗಿರಣಿಯಲ್ಲಿ ನಡೆಯುವುದಿಲ್ಲ. ಕಾರಣ ತೇವಾಂಶ. ನೆನೆಸಿ ಬೇಯಿಸಿದ 1,000 ಕೆಜಿ ಒದ್ದೆ ಭತ್ತ ಶೇ 32 ತೇವದಲ್ಲಿ ಡ್ರೈಯರ್‌ಗೆ ಹೋಗಿ ಶೇ 14ಕ್ಕೆ ಇಳಿಯಬೇಕಾದರೆ 209 ಕೆಜಿ ನೀರು ಆವಿಯಾಗಬೇಕು. ಶೇ 28ರಲ್ಲಿ ಹೋದರೆ 163 ಕೆಜಿ ಸಾಕು. ಒಂದು ನಟ್ಟು ಬೋಲ್ಟು ಬದಲಾಯಿಸದೆ ಡ್ರೈಯರ್‌ನ ಕೆಲಸ ಶೇ 22 ತಗ್ಗಿತು! ಮೊದಲ ಅಳತೆ ಅತಿಯಾಗಿ ನೆನೆದ ಬ್ಯಾಚಿನಲ್ಲಿ, ಎರಡನೆಯದು ಚೆನ್ನಾಗಿ ನೀರು ಬಸಿದ ಬ್ಯಾಚಿನಲ್ಲಿ ಆದರೆ, ಹೊಸ ಡ್ರೈಯರ್‌ಗೆ ಬಾರದ ಕೀರ್ತಿ ಬರುತ್ತದೆ. ತಿರುಗುಮುರುಗಾದರೆ ಒಳ್ಳೆಯ ಯಂತ್ರಕ್ಕೆ ಕೆಟ್ಟ ಹೆಸರು, ಶೇ 10ರ ಷರತ್ತೂ ಕೈತಪ್ಪುತ್ತದೆ. ಪ್ರತಿ ಬ್ಯಾಚಿಗೆ ಒಳಹೋಗುವ ತೇವ, ಹೊರಬರುವ ತೇವ, ಭತ್ತದ ತೂಕ, ಸುಟ್ಟ ಹೊಟ್ಟಿನ ತೂಕ, ಮೀಟರ್ ರೀಡಿಂಗ್, ಈ ಐದು ಅಂಕಿ ಆಡಿಟ್‌ಗೆ ಮೂರು ತಿಂಗಳು ಮುಂಚೆಯೇ ಪುಸ್ತಕಕ್ಕೆ ಏರಲಿ. ಹೊಟ್ಟನ್ನು ತೂಗುವುದು ಕಷ್ಟ ಎನ್ನುವವರು ಫೀಡರ್ ಸ್ಕ್ರೂ ಒಂದು ನಿಮಿಷಕ್ಕೆ ಎಷ್ಟು ತಳ್ಳುತ್ತದೆ ಎಂದು ಚೀಲ ಹಿಡಿದು ಮೂರು ಸಲ ತೂಗಿ ಸರಾಸರಿ ಇಟ್ಟುಕೊಳ್ಳಲಿ. ಹೊಟ್ಟು ಒದ್ದೆಯಾದ ದಿನ ಮತ್ತೆ ತೂಗಬೇಕು.

ಕರೆಂಟ್ ಭಾಗದಲ್ಲಿ ಸೇವೆ ವಾಸಿ. ಪವರ್ ಅನಲೈಸರ್ ಕ್ಲ್ಯಾಂಪ್ ಹಾಕಿ ಅಳೆದ ಅಂಕಿಗಳಲ್ಲಿ ತಪ್ಪು ಕಡಿಮೆ. ತಪ್ಪಾಗುವುದು ಅಂಕಿಯಿಂದ ಉಳಿತಾಯಕ್ಕೆ ಜಿಗಿಯುವಾಗ. 15 ಕಿಲೋವ್ಯಾಟ್, ನಾಲ್ಕು ಪೋಲ್ ಮೋಟರ್ ತೆಗೆದುಕೊಳ್ಳಿ. ಐಇ ಎಂಬುದು ಮೋಟರ್ ದಕ್ಷತೆಯ ದರ್ಜೆ: ಐಇ2 ದರ್ಜೆಯ ದಕ್ಷತೆ ಶೇ 90.6, ಅದಕ್ಕಿಂತ ಮೇಲಿನ ಐಇ3ಯದು ಶೇ 92.1. ಪೂರ್ತಿ ಲೋಡಿನಲ್ಲಿ ವರ್ಷಕ್ಕೆ 4,000 ಗಂಟೆ ಓಡಿದರೂ ವ್ಯತ್ಯಾಸ ಸುಮಾರು 1,080 ಯೂನಿಟ್. ಚೆನ್ನಾಗಿ ಓಡುತ್ತಿರುವ ಮೋಟರನ್ನು ಇದಕ್ಕಾಗಿ ಬಿಚ್ಚಬೇಕಿಲ್ಲ. ಸುಟ್ಟುಹೋದ ದಿನ ರೀವೈಂಡಿಂಗ್‌ಗೆ ಕಳಿಸುವ ಬದಲು ಐಇ3 ಹಾಕಿ, ಸಾಕು. ಎರಡು ಮೂರು ಸಲ ರೀವೈಂಡ್ ಆದ ಮೋಟರ್ ಮಾತು ಬೇರೆ. ಹಳೆ ತಂತಿ ತೆಗೆಯಲು ಕೋರ್‌ಗೆ ನೇರ ಬೆಂಕಿ ಕೊಟ್ಟಿದ್ದರೆ ಸ್ಟ್ಯಾಂಪಿಂಗ್ ನಡುವಿನ ನಿರೋಧಕ ಪದರ ಸುಟ್ಟು ನಷ್ಟ ಏರಿರುತ್ತದೆ. ಖಾಲಿ ಓಡಿಸಿ ಎಳೆಯುವ ವ್ಯಾಟ್ ಅಳೆದರೆ ಗೊತ್ತಾಗುತ್ತದೆ. ಆ ಅಳತೆ ಮಾಡದೆ ‘ಎಲ್ಲ ಮೋಟರ್ ಬದಲಿಸಿ’ ಎಂದ ಶಿಫಾರಸು ಒಪ್ಪಬೇಡಿ.

ಕಂಪ್ರೆಸರ್ ಸೋರಿಕೆಯ ಪರೀಕ್ಷೆಯನ್ನಂತೂ ಯಾರ ದಾರಿಯನ್ನೂ ಕಾಯದೆ ನೀವೇ ಮಾಡಬಹುದು. ಕಪ್ಪು ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಸಹಿತ ಗಾಳಿ ಬಳಸುವ ಎಲ್ಲ ಯಂತ್ರ ನಿಂತ ದಿನ ಕಂಪ್ರೆಸರ್ ಒಂದನ್ನೇ ಓಡಿಸಿ. ಲೋಡ್‌ನಲ್ಲಿದ್ದ (ಗಾಳಿ ತುಂಬುವ) ಸಮಯ, ಅನ್‌ಲೋಡ್‌ನಲ್ಲಿದ್ದ (ಗಾಳಿ ತುಂಬದೆ ಸುಮ್ಮನೆ ತಿರುಗುವ) ಸಮಯ ಬರೆಯಿರಿ, ಐದಾರು ಸುತ್ತು. ಲೋಡ್ 2 ನಿಮಿಷ, ಅನ್‌ಲೋಡ್ 6 ನಿಮಿಷ ಬಂದರೆ, ಎಂಟರಲ್ಲಿ ಎರಡು: ಶೇ 25 ಗಾಳಿ ಸೋರಿಕೆ. 22 ಕಿಲೋವ್ಯಾಟ್ ಯಂತ್ರದಲ್ಲಿ ಅಂದಾಜು 5.5 ಕಿಲೋವ್ಯಾಟ್ ಹೊತ್ತುಗೊತ್ತಿಲ್ಲದೆ ಪೋಲು. 3,000 ಗಂಟೆಗೆ 16,500 ಯೂನಿಟ್. ಮೇಲಿನ ಮೋಟರ್ ಲೆಕ್ಕದ ಪಕ್ಕ ಇಟ್ಟು ನೋಡಿ. ಸೋಪು ನೀರು, ಬ್ರಷ್ಷು, ಹೊಸ ಕ್ಲಿಪ್ಪು, ಮುಗಿಯಿತು. ಒತ್ತಡ ಇಳಿಸುವ ಸಲಹೆಗೂ ಅರ್ಥವಿದೆ, ಒಂದು ಬಾರ್ ಇಳಿಸಿದರೆ ಶೇ 6ರಿಂದ 10ರಷ್ಟು ಕರೆಂಟ್ ತಗ್ಗುತ್ತದೆ. ಆದರೆ ಸಾರ್ಟೆಕ್ಸ್ ಮ್ಯಾನುಯಲ್ ಕೇಳುವ ಒತ್ತಡಕ್ಕಿಂತ ಕೆಳಗೆ ಹೋದರೆ ಕಪ್ಪು ಕಾಳು ಒಳ್ಳೆ ಅಕ್ಕಿಯ ಜೊತೆ ಹೋಗುತ್ತದೆ, ಉಳಿಸಿದ್ದಕ್ಕಿಂತ ಹೆಚ್ಚು ಮಾರುಕಟ್ಟೆಯಲ್ಲಿ ಕಳೆಯುತ್ತೀರಿ.

ಬಡ್ಡಿ ರಿಯಾಯಿತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 40 ಲಕ್ಷ ಸಾಲಕ್ಕೆ ಶೇ 5 ಎಂದರೆ ಮೊದಲ ವರ್ಷ ಹೆಚ್ಚೆಂದರೆ 2 ಲಕ್ಷ, ಅಸಲು ತೀರಿದಂತೆ ಅದೂ ಕರಗುತ್ತದೆ. ಬೇಕಿದ್ದ ಯಂತ್ರ ಕೊಳ್ಳಲು ಇದು ನೆರವು. ಬೇಡದ ಯಂತ್ರ ಕೊಳ್ಳಲು ಕಾರಣವಲ್ಲ.

ಸಾರ್ವಜನಿಕ ಹಣದ ದೃಷ್ಟಿಯಿಂದಲೂ ಒಂದು ಮಾತು ಆಡಲೇಬೇಕು, ಏಕೆಂದರೆ ಈ 1,000 ಕೋಟಿ ಎಲ್ಲರದು. ಸಹಾಯಧನ ಇಲ್ಲದಿದ್ದರೂ ಆ ಮಾಲೀಕರು ಆ ಯಂತ್ರವನ್ನು ಕೊಳ್ಳುತ್ತಿದ್ದರೇ? ಹೌದಾದರೆ ಆ ಉಳಿತಾಯವನ್ನು ಯೋಜನೆಯ ಖಾತೆಗೆ ಬರೆಯಬಾರದು. ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟು, ಗುರಿ ಮೀರಿದವರು ಪ್ರಮಾಣಪತ್ರ ಮಾರಲು ಬಿಡುವ ಪ್ಯಾಟ್ ಯೋಜನೆ ಈ ಪಾಠ ಆಗಲೇ ಕಲಿಸಿದೆ. 2012ರಲ್ಲಿ ಶುರುವಾದ ಅದರ ಮೊದಲ ಸುತ್ತಿನಲ್ಲಿ ಸಿಮೆಂಟ್, ಉಕ್ಕು, ಕಾಗದ, ಜವಳಿ, ರಸಗೊಬ್ಬರ, ಉಷ್ಣ ವಿದ್ಯುತ್ ಸೇರಿ ಎಂಟು ವಲಯಗಳ 478 ಘಟಕಗಳಿದ್ದವು. ಉಳಿಸಬೇಕಿದ್ದ ಗುರಿ 66.86 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ, ಸಾಧನೆ 86.7 ಲಕ್ಷ. ಓದಲು ಹಿತ. ಆದರೆ ಗುರಿ ಮೀರಿದವರಿಗೆ ಕೊಟ್ಟ ಪ್ರಮಾಣಪತ್ರ 38 ಲಕ್ಷಕ್ಕೂ ಹೆಚ್ಚು, ಗುರಿ ಮುಟ್ಟದವರು ಕೊಳ್ಳಬೇಕಿದ್ದದ್ದು ಸುಮಾರು 14 ಲಕ್ಷ. 2017ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ವ್ಯಾಪಾರ ಆರಂಭವಾದಾಗ ಮಾರುವ ಸರಕು ಬೇಡಿಕೆಯ ಎರಡೂವರೆ ಪಟ್ಟಿಗಿಂತ ಹೆಚ್ಚಿತ್ತು. ಗುರಿಗಳು ಇನ್ನೂ ಬಿಗಿಯಾಗಿರಬೇಕಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಆದರೂ ಪ್ಯಾಟ್‌ನ ಒಂದು ಗುಣ ಅಡೀಟಿಗೂ ಬರಬೇಕು: ಅಲ್ಲಿ ಇಡೀ ಕಾರ್ಖಾನೆಯ ಗೇಟಿನಿಂದ ಗೇಟಿಗೆ ಲೆಕ್ಕ, ಒಂದು ಟನ್ ಉತ್ಪನ್ನಕ್ಕೆ ಎಷ್ಟು ಇಂಧನ ಎಂಬ ಒಂದೇ ಅಂಕಿ, ಅದನ್ನು ಮಾನ್ಯತೆ ಪಡೆದ ಬೇರೊಬ್ಬ ಆಡಿಟರ್ ಪರಿಶೀಲಿಸುತ್ತಾರೆ. ಶಿಫಾರಸು ಮಾಡಿದವರೇ ಉಳಿತಾಯಕ್ಕೆ ಸಹಿ ಹಾಕುವಂತಿರಬಾರದು.

ಸಾಮಾನ್ಯರ ಹಣದಲ್ಲಿ ನಡೆದ ಸಂಶೋಧನೆ ಮನೆಯ ಒಲೆಯವರೆಗೆ ಬಂದ ಉದಾಹರಣೆ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಅದೇ. ಒಲೆಯ ಬಾಯಿ, ಜಾಲರಿ, ಹೊಗೆ ಕೊಳವೆಯ ಅಳತೆ ಸರಿಯಿದ್ದ ಮನೆಯಲ್ಲಿ ಸೌದೆ ಉಳಿಯಿತು, ಅಳತೆ ತಪ್ಪಿಸಿ ಕಟ್ಟಿದ ಮನೆಯಲ್ಲಿ ಇಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಬೇಕಾದ್ದೂ ಆ ಬಗೆಯ ಕೆಲಸ. ಒಂದೊಂದು ಭಟ್ಟಿಗೆ ಪ್ರತ್ಯೇಕ ಆಡಿಟ್, ಪ್ರತ್ಯೇಕ ಡಿಪಿಆರ್ (ವಿವರವಾದ ಯೋಜನಾ ವರದಿ) ಎಂದರೆ ಕಾಗದದ ಖರ್ಚೇ ಭಟ್ಟಿಗಿಂತ ಹೆಚ್ಚಾಗುತ್ತದೆ. ಮರಳು ಕಾಯಿಸುವ ಒಲೆಯ ಒಂದು ಒಳ್ಳೆಯ ನಕ್ಷೆ, ಅದನ್ನು ಅಳತೆ ತಪ್ಪದಂತೆ ಕಟ್ಟಬಲ್ಲ ಹತ್ತು ಮೇಸ್ತ್ರಿಗಳಿಗೆ ತರಬೇತಿ, ಹೊಗೆ ಭಟ್ಟಿಯವರ ಕಣ್ಣಿಗೆ ಹೋಗದಂತೆ ಚಿಮಣಿ: ಸರ್ಕಾರದ ದುಡ್ಡು ಅಲ್ಲಿ ಹೀಗೆ ಖರ್ಚಾಗಬೇಕು. ಬಾಯ್ಲರ್ ಗಿರಣಿಗೆ ಹೊಂದುವ ಅಡೀಟಿಯ ಅಂಗಿ ಭಟ್ಟಿಗೆ ಹೊಂದುವುದಿಲ್ಲ.

ಕೊನೆಯದಾಗಿ ವರದಿಯ ಭಾಷೆ. ಇಂಗ್ಲಿಷಿನ ನೂರು ಪುಟ ಆಫೀಸಿನ ಬೀರುವಿನಲ್ಲಿ ಇರಲಿ, ಬ್ಯಾಂಕಿಗೆ ಬೇಕು. ಆದರೆ ಡ್ಯಾಂಪರ್ ಮುಟ್ಟುವ ಕೈ ಫೈರ್‌ಮನ್‌ನದು. ಕೆಲಸ ಒಪ್ಪಿಸುವ ಪತ್ರದಲ್ಲೇ ಒಂದು ಷರತ್ತು ಬರೆಯಿಸಿ: ಕನ್ನಡದಲ್ಲಿ ಒಂದು ಪುಟ, ಲ್ಯಾಮಿನೇಟ್ ಮಾಡಿ, ಬಾಯ್ಲರ್ ಮನೆಯ ಗೋಡೆಗೆ. ಅದರಲ್ಲಿ ಹಬೆಯ ಒತ್ತಡ ಎಷ್ಟಿರಬೇಕು, ಚಿಮಣಿಯ ಬಿಸಿ ಎಷ್ಟು ದಾಟಿದರೆ ಕೊಳವೆ ಸ್ವಚ್ಛ ಮಾಡಬೇಕು, ಡ್ಯಾಂಪರ್‌ನ ಗುರುತು ಎಲ್ಲಿ, ಬ್ಲೋಡೌನ್ ಯಾವ ಟಿಡಿಎಸ್‌ಗೆ ಎಂಬಷ್ಟಿದ್ದರೆ ಸಾಕು. ಶಿಫ್ಟ್ ಬದಲಾದಾಗ ಡ್ಯಾಂಪರ್ ಹಳೆ ಜಾಗಕ್ಕೆ ಹೋಗುವುದು ಎಲ್ಲ ಕಡೆ ಆಗುವ ಮಾತು, ಹಾಗಾಗಿ ಡ್ಯಾಂಪರ್ ಹಿಡಿಯ ಸ್ಥಾನ ತೋರಿಸುವ ಕ್ವಾಡ್ರೆಂಟ್ ಮೇಲೆ ಕೆಂಪು ಬಣ್ಣದ ಗೆರೆಯನ್ನು ಆಡಿಟರ್ ಇರುವಾಗಲೇ, ಅನಲೈಸರ್ ಆಮ್ಲಜನಕ ಎಂಟು ತೋರಿಸುತ್ತಿರುವ ಕ್ಷಣದಲ್ಲೇ ಹಾಕಿಸಿಕೊಳ್ಳಿ. ಎರಡು ಗೆರೆ ಬೇಕು: ಒಂದು ಒಣ ಹೊಟ್ಟಿಗೆ, ಇನ್ನೊಂದು ಮಳೆಗಾಲದ ಒದ್ದೆ ಹೊಟ್ಟಿಗೆ.